ಒಣಗಿಸುವ ಕೋಣೆಯ ಹನ್ನೆರಡು ಪದ

“ಬಿಚ್ಚಬೇಡಿ! ಹಾಗೇ ಇರಲಿ ಅದು!”

ತನಿಖೆ ಅಕ್ಕ ಕೂಗಿದ ರಭಸಕ್ಕೆ ಲಾಂಡ್ರಿಯ ಯಜಮಾನಿ ಬೆಚ್ಚಿಬಿದ್ದು ಕೈ ಹಿಂದಕ್ಕೆ ತೆಗೆದುಕೊಂಡಳು. ಕೆಳಗಿನ ಸಾಲಿನ ಮೆಷಿನ್ನಿನ ಬಾಯಿಗೆ ಯಾರೋ ಬಿಳಿ ದಿಂಬಿನ ಕವರ್ ಕಟ್ಟಿದ್ದರು. ಕೊಳೆಯಾಗಿದೆಯಲ್ಲ, ಒಗೆದುಬಿಡೋಣ ಅಂತ ಆಕೆ ಬಿಚ್ಚಲು ಹೋಗಿದ್ದಳು. ಲಾಂಡ್ರಿಯವರ ಬುದ್ಧಿ ಇನ್ನೆಲ್ಲಿಗೆ ಹೋದೀತು!

“ಕೊಳೆ ಕಂಡ್ರೆ ನಿಮಗೆ ಕೈ ತಡೆಯಲ್ಲ, ಗೊತ್ತು. ಆದ್ರೆ ಇದನ್ನ ಒಗೆದ್ರೆ ನನ್ನ ಸಾಕ್ಷಿನೂ ನೀರಲ್ಲಿ ಹೋಗುತ್ತೆ ತಾಯಿ.”

ಅದು ಬಟ್ಟೆ ಒಣಗಿಸುವ ಕೋಣೆ. ಮೇಲೆ ಸಾಲು ಸಾಲು ತಂತಿ, ತಂತಿಯ ತುಂಬ ಚಾದರ. ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡು, ಅದರ ತುಂಬ ಶೂ ಡಬ್ಬಿಯಷ್ಟು ದೊಡ್ಡ ಕ್ರಿಪ್ಟೋ ಮೈನಿಂಗ್ ಮೆಷಿನ್‌ಗಳು. ಹಗಲೂ ರಾತ್ರಿ ಲೆಕ್ಕ ಬಿಡಿಸಿ, ಕೈಗೆ ಸಿಗದ ನಾಣ್ಯ ಗಳಿಸುವುದು ಅವುಗಳ ಕೆಲಸ. ಗಂಟಲು ಹರಿಯುವಂತೆ ಕಿರುಚಿಕೊಂಡು ಬಿಸಿಗಾಳಿ ಕಾರುವುದು ಅವುಗಳ ಸ್ವಭಾವ. ಆ ಬಿಸಿಯಲ್ಲೇ ಲಾಂಡ್ರಿ ಯಜಮಾನ ಗಿರಾಕಿಗಳ ಬಟ್ಟೆ ಒಣಗಿಸುತ್ತಿದ್ದ. ಒಂದೇ ಕರೆಂಟಿನಲ್ಲಿ ಎರಡು ಕೆಲಸ. ಜಾಣ ಅಂದರೆ ಜಾಣ.

ಆ ಜಾಣ ಹೋದ ತಿಂಗಳು ಇದೇ ಕೋಣೆಯಲ್ಲಿ ಲಕ್ವ ಹೊಡೆದು ಕುಸಿದುಬಿದ್ದು ಮಾತು ಕಳೆದುಕೊಂಡಿದ್ದ. ಅವತ್ತಿನಿಂದ ಮೆಷಿನ್‌ಗಳೂ ಬಾಯಿ ಮುಚ್ಚಿಕೊಂಡು ಕೂತಿದ್ದವು. ಅವನ ಗಳಿಕೆಗೆಲ್ಲ ಕೀಲಿಯಾಗಿದ್ದ ಬೆರಳುದ್ದದ ವಾಲೆಟ್ ಅವತ್ತೇ ಜೇಬಿನಿಂದ ಮಾಯವಾಗಿತ್ತು.

ಇವತ್ತು ಸಂಜೆಯೊಳಗೆ ಅದು ಸಿಗಬೇಕು. ಇಲ್ಲದಿದ್ದರೆ ಲಾಂಡ್ರಿ ಮೈದುನನ ಹೆಸರಿಗೆ ಹೋಗುತ್ತದೆ. ಅಣ್ಣನ ಆಸ್ಪತ್ರೆಯ ಖರ್ಚನ್ನೆಲ್ಲ ಇಲ್ಲಿಯವರೆಗೆ ಹೊತ್ತವನು ಅವನೇ. ‘ಇನ್ನು ನನ್ನ ಕೈಲಾಗಲ್ಲ ಅತ್ತಿಗೆ, ಅಂಗಡಿ ನನಗೆ ಬರೆದುಕೊಡಿ, ಅದನ್ನ ಇಟ್ಟು ಅಣ್ಣನ ಚಿಕಿತ್ಸೆ ಮುಂದುವರಿಸ್ತೀನಿ’ ಅಂದಿದ್ದ. ಸಂಜೆ ಕಾಗದಪತ್ರ ಹಿಡಿದುಕೊಂಡು ಬರುವವನಿದ್ದ.

“ಅಷ್ಟು ಮಾಡಿದವನಿಗೆ ಒಂದು ರುಜು ಹಾಕಿದ್ರೆ ತಪ್ಪೇನಕ್ಕಾ?” ಎಂದಳು ಯಜಮಾನಿ. “ದಿನಾ ಬರ್ತಾನೆ. ಅಣ್ಣನ ಪಕ್ಕ ಕೂತು ‘ಮಾತಾಡಣ್ಣ, ಮಾತಾಡಣ್ಣ’ ಅಂತ ಬೇಡ್ಕೋತಾನೆ. ಒಡಹುಟ್ಟಿದವರು ಯಾರಿಗೆ ಇಷ್ಟು ಮಾಡ್ತಾರೆ ಈ ಕಾಲದಲ್ಲಿ?”

“ತಪ್ಪಿಲ್ಲ. ಆದ್ರೆ ಗಂಡ ಹೆಂಡತಿ ಇಬ್ಬರೂ ಕೈ ಸವೆಸಿ ಕಟ್ಟಿದ ಅಂಗಡಿ ಇದು. ಸಂಜೆವರೆಗಾದ್ರೂ ಕಾಯಿರಿ.”

“ಕಾಯ್ತೀನಿ. ಆದ್ರೆ ವಾಲೆಟ್ಟು ಆಮೇಲೆ. ಮೊದಲು ಇವರನ್ನ ಹೊರಗೆ ಎಳ್ಕೊಂಡು ಬಂದು ಅಂಗಡಿ ಫೋನಿಂದಲೇ ಆಂಬುಲೆನ್ಸಿಗೆ ಫೋನ್ ಮಾಡಿ ಹೋದ ಪುಣ್ಯಾತ್ಮ ಯಾರು ಅಂತ ಹುಡುಕಿಕೊಡಿ. ಅವರ ಕೈ ಹಿಡಿದು ಒಂದು ಮಾತು ಹೇಳದೆ ನನಗೆ ತಿಂದ ಊಟ ಮೈಗೆ ಹತ್ತುತ್ತಿಲ್ಲ.”

ತನಿಖೆ ಅಕ್ಕನಿಗೆ ನಗಬೇಕೋ ಸಿಡುಕಬೇಕೋ ತಿಳಿಯಲಿಲ್ಲ. ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮುಗಳನ್ನು ಕೆದಕಿ ಕೆದಕಿ ಕೂದಲು ನೆರೆಸಿಕೊಂಡ ಹೆಂಗಸು ಅವಳು. ಕಳ್ಳನನ್ನು ಹಿಡಿದುಕೊಡಿ ಅನ್ನುವವರನ್ನು ಬೇಕಾದಷ್ಟು ಕಂಡಿದ್ದಳು. ಥ್ಯಾಂಕ್ಸ್ ಹೇಳಬೇಕು, ಆಸಾಮಿಯನ್ನು ಪತ್ತೆಹಚ್ಚಿ ಅಂದವಳು ಇವಳೊಬ್ಬಳೇ.

ಬಾಗಿಲ ಹೊರಗೆ ಇಸ್ತ್ರಿ ಮಾಡುವವನು ಮುದುಡಿಕೊಂಡು ನಿಂತಿದ್ದ. ವಾಲೆಟ್ ಕದ್ದವನು ಇವನೇ ಅಂತ ಮೈದುನ ಮೊದಲ ದಿನವೇ ಬೆರಳು ತೋರಿಸಿದ್ದ. ಅವತ್ತಿನಿಂದ ಪಾಪ, ಈ ಕೋಣೆಯ ಹೊಸಿಲು ದಾಟಿರಲಿಲ್ಲ.

“ಒಳಗೆ ಬಾರಪ್ಪ. ಈ ಕವರ್ ನೋಡಿ ಹೇಳು.”

ಅವನು ಬಗ್ಗಿ ಮೂಲೆ ಹುಡುಕಿದ. ಮುಖ ಅರಳಿತು.

“ಇಲ್ಲಿದೆಯಾ ಇದು! ಲಾಡ್ಜಿನ ಬಟ್ಟೆ ಅಕ್ಕಾ, ಕೆಂಪು ದಾರದ ಗುರುತು ನೋಡಿ. ಯಜಮಾನ್ರು ಬಿದ್ದ ದಿನ ಬೆಳಗ್ಗೆ ನಾನೇ ಇಸ್ತ್ರಿ ಮಾಡಿ ಗಂಟು ಕಟ್ಟಿದ್ದೆ. ಒಂದು ಕವರ್ ಕಮ್ಮಿ ಬಂತು ಅಂತ ಲಾಡ್ಜಿನವರು ನನ್ನ ಮಾನ ಹರಾಜು ಹಾಕಿದ್ರು.”

“ನೀನೇ ಯಾಕೆ ತಂದು ಕಟ್ಟಿರಬಾರದು?”

“ಗಿರಾಕಿ ಬಟ್ಟೆನಾ? ಮೆಷಿನ್ನಿಗಾ?” ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಕಳ್ಳ ಅನ್ನಿಸಿಕೊಂಡಾಗಲೂ ಅವನಿಗೆ ಇಷ್ಟು ಅವಮಾನ ಆದಂತಿರಲಿಲ್ಲ.

ಯಜಮಾನಿಯೇ ಉತ್ತರ ಕೊಟ್ಟಳು. “ಅಕ್ಕಾ, ಬೆಂಕಿ ಬಿದ್ದಿದ್ರೂ ನಮ್ಮವರು ಗಿರಾಕಿ ಬಟ್ಟೆ ಮುಟ್ಟಲ್ಲ. ಮೈಮೇಲಿನ ಅಂಗಿ ಬಿಚ್ಚಿ ಬೆಂಕಿ ಬಡೀತಾರೆ.”

“ಸರಿ ಹಾಗಾದ್ರೆ. ಕಟ್ಟಿದವರು ಲಾಂಡ್ರಿಯವರಲ್ಲ. ಆದ್ರೆ ಅವತ್ತೇ, ಗಂಟು ಕಟ್ಟಿದ ಮೇಲೆ ಇಲ್ಲಿಗೆ ಬಂದವರು.”

ಕವರ್ ಬಿಗಿದಿದ್ದದ್ದು ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ. ಎಲ್ಲರೂ ಪಟ್ಟಿ ಬಿಗಿದ ಮೇಲೆ ಉಳಿದ ಬಾಲವನ್ನು ಕತ್ತರಿಸಿ ಎಸೆಯುತ್ತಾರೆ. ಇದನ್ನು ಕಟ್ಟಿದವನು ಬಾಲವನ್ನು ಹಿಂದಕ್ಕೆ ಮಡಚಿ ಒಳಗೆ ತೂರಿಸಿದ್ದ. ತನಿಖೆ ಅಕ್ಕ ಸ್ಟ್ಯಾಂಡಿನ ಹಿಂದೆ ಟಾರ್ಚ್ ಬಿಟ್ಟಳು. ವೈರುಗಳ ಮೇಲಿದ್ದ ಪ್ರತಿಯೊಂದು ಪಟ್ಟಿಯ ಬಾಲವೂ ಹಾಗೇ ತೂರಿಸಿದ್ದು.

“ಈ ವೈರಿಂಗ್ ಯಾರದ್ದು?”

“ಮೆಷಿನ್ ಮಾರಿದ ವ್ಯಾಪಾರಿದು.”

“ವರ್ಷದಿಂದ ನಿಮ್ಮ ಕಡೆ ತಲೆ ಹಾಕಿಲ್ಲ ಅಂತ ನನ್ನ ಮುಖಕ್ಕೆ ಹೇಳಿದ್ನಲ್ಲ, ಆ ಮಹಾರಾಯ?”

ಹೊರಡುವ ಮೊದಲು ಯಜಮಾನಿ ಇಸ್ತ್ರಿಯವನ ಮುಂದೆ ನಿಂತಳು. “ಅವನು ಹೇಳಿದ ಅಂತ ನಿನ್ನ ಮೇಲೆ ಅನುಮಾನ ಪಟ್ಟೆ ಕಣಪ್ಪ. ಹೊಟ್ಟೆಗೆ ಹಾಕ್ಕೋ.”

“ಬಿಡಿ ಅಮ್ಮಾ. ಕೆಲಸದಿಂದ ತೆಗೀಲಿಲ್ವಲ್ಲ, ನನಗೆ ಅದೇ ದೊಡ್ಡದು,” ಎಂದವನು ಕವರನ್ನು ಆಸೆಯಿಂದ ನೋಡಿದ. “ಕೆಲಸ ಮುಗಿದ ಮೇಲೆ ಇದನ್ನ ನನಗೆ ಕೊಡಿ ಅಕ್ಕಾ. ಒಗೆದು ಲಾಡ್ಜಿಗೆ ತಲುಪಿಸ್ತೀನಿ.”

*

ವ್ಯಾಪಾರಿಯ ಅಂಗಡಿಯಲ್ಲಿ ಹಳೆ ಮೆಷಿನ್‌ಗಳು ಸೂರಿನವರೆಗೂ ಪೇರಿಕೊಂಡಿದ್ದವು. ಕೊಳ್ಳುವವರಿಲ್ಲದೆ ಧೂಳು ತಿನ್ನುತ್ತಿದ್ದವು. ಅವನು ಬ್ಲೋವರ್ ಹಿಡಿದು ಒಂದರ ಹೊಟ್ಟೆಯೊಳಗಿನ ಧೂಳು ಹಾರಿಸುತ್ತಿದ್ದ.

“ಆ ಕಡೆ ನಿಂತ್ಕೊಳ್ಳಿ ಮೇಡಂ, ಬಟ್ಟೆ ಹಾಳಾಗುತ್ತೆ.”

“ಹಾಳಾದ್ರೆ ಒಗೆದುಕೊಡೋಕೆ ಇವರಿದ್ದಾರೆ.” ತನಿಖೆ ಅಕ್ಕ ಪಕ್ಕಕ್ಕೆ ಸರಿದಳು. ಹಿಂದೆ ಲಾಂಡ್ರಿಯ ಯಜಮಾನಿ ನಿಂತಿದ್ದಳು.

ಬ್ಲೋವರ್ ನಿಂತಿತು.

“ಲಾಂಡ್ರಿಗೆ ಹೋಗಿ ಎಷ್ಟು ದಿನ ಆಯ್ತು ನೀವು?”

“ಆವತ್ತೇ ಹೇಳಿದ್ನಲ್ಲ. ವರ್ಷ ಆಯ್ತು.”

ಅವಳು ಕವರನ್ನು ಮೇಜಿನ ಮೇಲೆ ಹರಡಿದಳು. “ಇದೇನು?”

“ದಿಂಬಿನ ಕವರ್ರು.”

“ಅಬ್ಬಾ, ಏನು ಬುದ್ಧಿ! ಯಜಮಾನ್ರು ಬಿದ್ದ ದಿನ ಬೆಳಗ್ಗೆ ಇದು ಇಸ್ತ್ರಿ ಮೇಜಿನ ಮೇಲಿತ್ತು. ಮೆಷಿನ್ನಿಗೆ ಕಟ್ಟಿದ ಪಟ್ಟಿ ಬಾಲ ಮಡಚಿ ತೂರಿಸಿದ್ದು. ಅಗೋ, ನಿಮ್ಮ ಅಂಗಡಿ ತುಂಬ ಅದೇ ಥರ ಕಟ್ಟಿದ ವೈರು. ಇನ್ನೂ ಹೇಳ್ಲಾ?”

ವ್ಯಾಪಾರಿ ಸ್ಟೂಲಿನ ಮೇಲೆ ಕೂತ. ದವಡೆ ಬಿಗಿದುಕೊಂಡ. “ಪೊಲೀಸರನ್ನ ಕರೀರಿ. ನಾನೇನೂ ಬಾಯಿ ಬಿಡಲ್ಲ.”

ಇಂಥವರನ್ನು ಬಾಯಿ ಬಿಡಿಸುವ ದಾರಿ ತನಿಖೆ ಅಕ್ಕನಿಗೆ ಬೇಕಾದಷ್ಟು ಗೊತ್ತಿತ್ತು. ಅವಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಯಜಮಾನಿ ಮುಂದೆ ಬಂದುಬಿಟ್ಟಳು.

“ನೀವೇನಾ?”

ಅವನು ತಲೆ ಎತ್ತಲಿಲ್ಲ.

“ಅವರನ್ನ ಆ ಬಿಸಿಯಿಂದ ಹೊರಗೆ ಎಳೆದವರು ನೀವೇನಾ? ಕತ್ತಿಗೆ ಒದ್ದೆ ಟವಲ್ ಹಾಕಿದ್ದು, ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ದು, ಫೋನ್ ಮಾಡಿದ್ದು?”

ಹೌದೆಂಬಂತೆ ಅವನ ತಲೆ ಒಂದಿಷ್ಟು ಅಲ್ಲಾಡಿತು, ಅಷ್ಟೇ. ಆಕೆ ಧೂಳು ಮೆತ್ತಿದ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

“ಸ್ವಲ್ಪ ತಡ ಆಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟರು. ಇವತ್ತು ಬೆಳಗ್ಗೆ ತಲೆ ಬಾಚೋಕೆ ಹೋದ್ರೆ ಬೇಕೂಂತ ತಲೆ ಆ ಕಡೆ ಈ ಕಡೆ ಆಡಿಸಿ ಸತಾಯಿಸಿದ್ರು. ನಾನು ಬೈದೆ, ಅವರು ನಕ್ಕರು. ಆ ನಗು ನೀವು ಕೊಟ್ಟಿದ್ದಪ್ಪ. ನಿಮ್ಮ ಮನೆ ತಣ್ಣಗಿರಲಿ.”

ವ್ಯಾಪಾರಿಯ ಬಿಗಿದ ದವಡೆ ಸಡಿಲಿತು. “ಬೈದುಬಿಡಿ ಅಮ್ಮಾ. ಬೈದ್ರೆ ತಡ್ಕೋತೀನಿ. ಹೀಗೆ ಮಾಡಬೇಡಿ.”

“ಯಾಕೆ ಬೈಲಿ?”

ಅವನು ಒಂದು ಕೈ ಬಿಡಿಸಿಕೊಂಡು ಡ್ರಾಯರ್ ಎಳೆದು, ಚಿಂದಿಯಲ್ಲಿ ಸುತ್ತಿದ್ದ ಬೆರಳುದ್ದದ ಉಪಕರಣವನ್ನು ಮೇಜಿನ ಮೇಲಿಟ್ಟ. ಪುಟ್ಟ ಪರದೆ, ಎರಡೇ ಎರಡು ಗುಂಡಿ. ಅದೇ ವಾಲೆಟ್.

“ಬಟ್ಟೆಯ ಜುಂಗು ತುಂಬಿ ಮೆಷಿನ್ ಬಿಸಿಯಾಗ್ತಿದೆ, ಬಾ ಅಂತ ಕರೆದಿದ್ರು. ಜುಂಗು ಒಳಗೆ ಹೋಗದಿರಲಿ ಅಂತ ಕೈಗೆ ಸಿಕ್ಕ ಕವರ್ ಕಟ್ಟಿದೆ. ಅಷ್ಟರಲ್ಲಿ ಅವರು ದಬಕ್ ಅಂತ ಬಿದ್ರು. ಎಳೆಯೋವಾಗ ಜೇಬಿಂದ ಇದು ಜಾರ್ತು. ನೋಡಿ, ನನ್ನ ಅಂಗಡಿ ಹೇಗಿದೆ. ಬುದ್ಧಿ ಕೆಟ್ಟಿತು. ಒಂದು ಕೈಲಿ ಅವರ ಜೀವ ಉಳಿಸಿ ಇನ್ನೊಂದು ಕೈಲಿ ಜೇಬು ಕತ್ತರಿಸಿದ ಹಾಗಾಯ್ತು.”

ಯಜಮಾನಿ ವಾಲೆಟ್ ನೋಡಿದಳು, ಅವನ ಮುಖ ನೋಡಿದಳು. ಸಿಟ್ಟು ಬಂದೇ ಬಂತು, ಮುಖ ಕೆಂಪಾಯಿತು. ಆದರೆ ಹಿಡಿದ ಕೈ ಬಿಡಲಿಲ್ಲ. “ಈ ಕೈಗೆ ಥ್ಯಾಂಕ್ಸ್. ಆ ಕೈಗೆ ಬೈಗುಳ ಇಟ್ಟಿದ್ದೀನಿ, ಆಮೇಲೆ ಕೊಡ್ತೀನಿ,” ಎಂದಳು.

ಬೆದರಿಸಿ ಬೆದರಿಸಿ ಕೆಲಸ ಮಾಡಿದ ಜೀವಕ್ಕೆ ಇದು ಹೊಸ ಪಾಠ. ಈ ಹೆಂಗಸಿನ ಕೆಲಸ ಒಪ್ಪಿಕೊಂಡದ್ದು ತನ್ನ ಪುಣ್ಯ ಅಂತ ತನಿಖೆ ಅಕ್ಕನಿಗೆ ಮನಸಾರೆ ಅನ್ನಿಸಿತು. ಆದರೂ ಕೆಲಸ ಮರೆಯದೆ ಕೇಳಿದಳು, “ಒಳಗಿರೋದು ಹಾಗೇ ಇದೆಯೋ?”

“ಇಲ್ಲ. ತಪ್ಪು ನಂಬರ್ ಒತ್ತಿ ಒತ್ತಿ ಅದು ತನ್ನನ್ನೇ ಅಳಿಸಿಕೊಂಡುಬಿಡ್ತು.”

“ಅಯ್ಯೋ!”

“ಗಾಬರಿಯಾಗಬೇಡಿ. ಗಳಿಕೆ ಇದರ ಒಳಗಿರಲ್ಲ, ಇದು ಬರೀ ಕೀಲಿ. ಕೀಲಿ ಹಾಳಾದ್ರೆ ಹೊಸದು ಮಾಡ್ಕೊಳ್ಳೋಕೆ ಹನ್ನೆರಡು ಇಂಗ್ಲಿಷ್ ಪದ ಇರ್ತಾವೆ. ಅವನ್ನ ವರಸೆ ತಪ್ಪದೆ ಹಾಕಿದ್ರೆ ಎಲ್ಲ ವಾಪಸ್. ಆದ್ರೆ ಆ ಪದ ಗೊತ್ತಿದ್ದ ಯಾರು ಬೇಕಾದ್ರೂ, ತಮ್ಮ ಫೋನಲ್ಲೇ ಹಾಕಿ, ಎಲ್ಲ ಬಾಚ್ಕೋಬಹುದು. ಅದಕ್ಕೇ ಅವರು ಎಲ್ಲೂ ಬರೆದಿಡಲಿಲ್ಲ. ಬಾಯಿಪಾಠ ಮಾಡಿಬಿಟ್ರು.”

“ಮಾತೇ ಬರದವರ ಬಾಯಲ್ಲಿ ಬಾಯಿಪಾಠ! ಚೆನ್ನಾಯ್ತು. ಅವರು ಹೇಳೋದನ್ನ ಯಾರೂ ಕೇಳಿಲ್ವಾ?”

“ಆ ಮೆಷಿನ್ ಗದ್ದಲದಲ್ಲಿ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ. ಬೀಳೋ ಮುಂಚೆ ಚಾದರದ ಒಂದು ತುದಿ ಕೊಕ್ಕೆಗೆ ಸಿಕ್ಕಿಸಿ, ಮಡಚ್ತಾ ಮಡಚ್ತಾ ಏನೋ ಹಾಡ್ಕೋತಿದ್ರು. ತುಟಿ ಆಡೋದು ಕಾಣ್ತಿತ್ತು, ಪದ ಕೇಳ್ತಿರಲಿಲ್ಲ. ಏನು ಹಾಡು ಅಂತ ಸನ್ನೆ ಮಾಡಿದೆ. ಜೇಬು ಮುಟ್ಟಿ ತೋರಿಸಿ ನಕ್ಕರು.”

ತನಿಖೆ ಅಕ್ಕ ಎದ್ದೇಬಿಟ್ಟಳು. “ಹಾಡಾ? ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತೆ ಅಂತಾರಲ್ಲ?”

“ಡಾಕ್ಟರು ಹಾಡಿಸಿ ನೋಡಿ ಅಂದಿದ್ರು,” ಎಂದಳು ಯಜಮಾನಿ. “ನನಗೆ ಬರೋ ಹಾಡೆಲ್ಲ ಹಾಡಿದೆ. ಅವರು ಸುಮ್ಮನೆ ಕೇಳ್ತಾರೆ.”

“ಕೈಗೆ ಚಾದರ ಕೊಟ್ಟು ನೋಡಿದ್ರಾ?”

“ಛೆ ಛೆ! ಒಂದು ಕರ್ಚೀಫೂ ಅವರ ಕಣ್ಣಿಗೆ ಬೀಳದ ಹಾಗೆ ನೋಡ್ಕೊಂಡಿದ್ದೀನಿ. ಬಟ್ಟೆ ಕಂಡ್ರೆ ಮಡಚೋಕೆ ಏಳ್ತಾರೆ. ಹುಷಾರಿಲ್ಲದವರ ಕೈಲಿ ಕೆಲಸ ಮಾಡಿಸೋದಾ?”

“ನಿಮ್ಮ ಪ್ರೀತಿಗಿಷ್ಟು!” ಎಂದು ತಲೆಗೆ ಕೈ ಹಚ್ಚಿಕೊಂಡಳು ತನಿಖೆ ಅಕ್ಕ. “ನಡೀರಿ. ನೀವೂ ಬನ್ನಿ ವ್ಯಾಪಾರಿಗಳೇ, ಆ ಗುಂಡಿ ಒತ್ತೋ ವಿದ್ಯೆ ನಮಗೆ ಬರಲ್ಲ.”

*

ಲಾಂಡ್ರಿಯ ಮೇಲಿನ ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಜಮಾನ ಕೂತಿದ್ದ. ಇಸ್ತ್ರಿಯವನು ಲಾಡ್ಜಿಗೆ ಗಂಟು ತಲುಪಿಸಲು ಹೋಗಿದ್ದ. ಬಿಸಿಲು ಆಗಲೇ ಗೋಡೆ ಹತ್ತಿತ್ತು. ಸಂಜೆಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ.

ಹೆಂಡತಿಯನ್ನು ಕಂಡು ಅವನು ನಕ್ಕು, “ಗುಂಡಿ,” ಎಂದ.

“ನೀರು ಅಂತ ಅರ್ಥ,” ಎಂದಳು ಆಕೆ, ಲೋಟ ತುಂಬಿಸುತ್ತಾ. “ಬಾಗಿಲಿಗೆ ಸಾಬೂನು ಅಂತಾರೆ. ನನಗೆ ಮಾತ್ರ ದಿನಕ್ಕೊಂದು ಹೆಸರು.”

ವ್ಯಾಪಾರಿ ಮುಖ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ. ಯಜಮಾನ ಅವನನ್ನು ಗುರುತಿಸಿದ. ಎಡಗೈ ಎತ್ತಿ ತನ್ನ ಎದೆ ಮುಟ್ಟಿಕೊಂಡು, ಅವನತ್ತ ಚಾಚಿದ. ಬದುಕಿಸಿದವನು ಯಾರು ಅಂತ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ, ಅಷ್ಟೇ. ವ್ಯಾಪಾರಿ ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡ.

ಯಜಮಾನಿ ದೊಡ್ಡ ಚಾದರ ತಂದಳು. ಅದನ್ನು ಕಂಡದ್ದೇ ತಡ, ಯಜಮಾನನ ಬೆನ್ನು ನೆಟ್ಟಗಾಯಿತು. ಎಡಗೈಯಲ್ಲಿ ಒಂದು ತುದಿ ಹಿಡಿದ, ಸ್ವಾಧೀನ ತಪ್ಪಿದ ಬಲಗೈಯನ್ನು ಅದರ ಮೇಲೆ ಒತ್ತಿಟ್ಟ. ಆಕೆ ಇನ್ನೊಂದು ತುದಿ ಹಿಡಿದು ನಿಂತಳು. ಚಾದರ ಒಂದು ಸಲ ಒದರಿಕೊಂಡಿತು.

ಗಂಟಲಿನಿಂದ ಒಂದು ರಾಗ ಹೊರಟಿತು.

“ಲೆಮನ್... ಟಿಕೆಟ್...”

ಯಜಮಾನಿ ಮಡಚುವುದನ್ನೇ ಮರೆತಳು. ತನಿಖೆ ಅಕ್ಕ ಮಡಚಿ, ಮಡಚಿ ಅಂತ ಸನ್ನೆ ಮಾಡಿದಳು. ಆಕೆ ಹತ್ತಿರ ಬಂದು ತುದಿ ಕೊಟ್ಟಳು, ಮತ್ತೆ ಹಿಂದೆ ಸರಿದಳು.

“ಟೈಗರ್... ಕಿಚನ್... ವಿಂಡೋ... ರಾಕೆಟ್...”

ಒಂದು ಪದವೂ ತಡವರಿಸಲಿಲ್ಲ. ತಿಂಗಳಿಂದ ನೀರಿಗೆ ಗುಂಡಿ ಅನ್ನುತ್ತಿದ್ದವನ ಬಾಯಲ್ಲಿ ಪದಗಳು ಕೈಹಿಡಿದುಕೊಂಡು ಬರುತ್ತಿದ್ದವು. ಹೆಂಡತಿಯ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಆಕೆಯ ಕೈ ಖಾಲಿ ಇರಲಿಲ್ಲ. ವ್ಯಾಪಾರಿ ವಾಲೆಟ್ ತೆಗೆದು ಒಂದೊಂದೇ ಅಕ್ಷರ ಹುಡುಕಿ ಗುಂಡಿ ಒತ್ತತೊಡಗಿದ.

“ಮಂಕಿ... ಆನಿಯನ್...”

ಹಾಡು ನಿಂತಿತು.

ಯಜಮಾನ ಹಣೆ ಸುಕ್ಕುಗಟ್ಟಿಸಿದ. ತುಟಿ ಆಡಿತು, ಸ್ವರ ಬರಲಿಲ್ಲ. “ಮಂಕಿ, ಆನಿಯನ್,” ಎಂದು ಮತ್ತೆ ಹಾಡಿದ. ಅಲ್ಲೇ ಸಿಕ್ಕಿಹಾಕಿಕೊಂಡ. ಮೊದಲಿನಿಂದ ಶುರುಮಾಡಿಯೂ ನೋಡಿದ; ಅದೇ ಜಾಗಕ್ಕೆ ಬಂದು ಅದೇ ಮೌನ. ಕಣ್ಣಲ್ಲಿ ನೀರು ತುಂಬಿಕೊಂಡು ಹೆಂಡತಿಯತ್ತ ನೋಡಿದ.

“ನಾಲ್ಕು ಪದ ಇಲ್ಲದೆ ಆಗಲ್ಲ,” ಎಂದು ವ್ಯಾಪಾರಿ ಪಿಸುಗುಟ್ಟಿದ.

“ಪರವಾಗಿಲ್ಲ ರೀ, ನಿಧಾನ. ಇಷ್ಟು ಬಂತಲ್ಲ, ನನಗೆ ಇದೇ ಹಬ್ಬ,” ಎಂದಳು ಯಜಮಾನಿ.

ಆಗ ಬಾಗಿಲಿನಿಂದ, ಅದೇ ರಾಗದಲ್ಲಿ, ಯಾರೋ ಮೆಲ್ಲಗೆ ಮುಂದುವರಿಸಿದರು.

“ರಿವರ್... ಬ್ಲಾಂಕೆಟ್... ಪೆಪ್ಪರ್... ಅಂಬ್ರೆಲಾ.”

ಎಲ್ಲರೂ ತಿರುಗಿದರು. ಮೈದುನ. ಕಂಕುಳಲ್ಲಿ ಕಾಗದಪತ್ರದ ಫೈಲು. ಹಾಡಿದ್ದು ತಾನೇ ಅನ್ನುವುದು ಅವನಿಗೂ ಆಮೇಲೆ ಹೊಳೆದಂತಿತ್ತು. ಬಾಯಿ ಇನ್ನೂ ಅರ್ಧ ತೆರೆದೇ ಇತ್ತು.

ಯಜಮಾನನ ಮುಖ ದೀಪ ಹಚ್ಚಿದಂತಾಯಿತು. ಚಾದರ ಬಿಟ್ಟು ಎಡಗೈ ಚಾಚಿದ. “ತಮ್ಮಾ!”

ಬಿದ್ದ ಮೇಲೆ ಅವನ ಬಾಯಿಂದ ಬಂದ ಮೊದಲ ಸರಿಯಾದ ಮಾತು ಅದು.

“ಕೇಳಿಸ್ತಾ? ಕೇಳಿಸ್ತೇನಪ್ಪಾ? ತಮ್ಮಾ ಅಂದ್ರು!” ಯಜಮಾನಿ ಅಳುತ್ತಾ ನಗುತ್ತಾ ಮೈದುನನ ಕಡೆ ಓಡಿದಳು. “ನಿನ್ನಿಂದ ಮಾತು ಬಂತು. ನಿನ್ನ ಋಣ ನಾನು ಹೇಗೆ ತೀರಿಸಲಿ!”

ತನಿಖೆ ಅಕ್ಕ ಮಾತ್ರ ಮೈದುನನ ಬಾಯನ್ನೇ ನೋಡುತ್ತಿದ್ದಳು. ‘ವಾಲೆಟ್ಟಿನ ಗುಟ್ಟನ್ನ ಅಣ್ಣ ನನ್ನ ಕಿವಿಗೂ ಹಾಕಿಲ್ಲ’ ಅಂತ ಇದೇ ಬಾಯಿ ಅವಳಿಗೆ ಹೇಳಿತ್ತು. ಅಣ್ಣ ಹಾಡಿಕೊಳ್ಳುತ್ತಾ ಆ ಗದ್ದಲದಿಂದ ಹೊರಬಂದಾಗಲೋ ಏನೋ, ಹಾಡಿನ ಕೊನೆಯ ನಾಲ್ಕು ಪದ ಇವನ ಕಿವಿಗೆ ಬಿದ್ದಿದ್ದವು. ಎಂಟು ಸಿಕ್ಕಿರಲಿಲ್ಲ. ದಿನಾ ಬಂದು ಪಕ್ಕದಲ್ಲಿ ಕೂತು ‘ಮಾತಾಡಣ್ಣ’ ಅಂತ ಬೇಡಿದ್ದು ಆ ಎಂಟಕ್ಕೆ. ಬಾಗಿಲಲ್ಲಿ ನಿಂತು ಕೇಳಿದವನಿಗೆ, ಬಾ ಅಂತ ಕರೆದು ಹಾಡಿಸಿ ಕೇಳಿಸಿದಂತೆ, ಈಗ ಅವೂ ಸಿಕ್ಕವು.

“ಕೊನೇ ನಾಲ್ಕು ಪದ ನಿಮಗೆ ಯಾರು ಹೇಳಿಕೊಟ್ರು?” ಎಂದು ಕೇಳಿದಳು.

ಮೈದುನ ಅತ್ತಿಗೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. “ಪೆನ್ನು ಕೆಳಗೇ ಬಿಟ್ಟೆ ಅತ್ತಿಗೆ. ತಂದುಬಿಡ್ತೀನಿ, ಇರಿ.” ಹಿಂದೆ ಸರಿದ. ಸರಿಯುತ್ತಿದ್ದಾಗಲೇ ಜೇಬಿನಿಂದ ಫೋನ್ ತೆಗೆಯುತ್ತಿದ್ದ. ಅವನ ತುಟಿಗಳು ಲೆಮನ್, ಟಿಕೆಟ್ ಅನ್ನುತ್ತಿದ್ದವು.

ತನಿಖೆ ಅಕ್ಕ ಹಾರಿ ಬಾಗಿಲು ತಲುಪುವಷ್ಟರಲ್ಲಿ ಅದು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ಯಜಮಾನ ಇನ್ನೂ ಕೈ ಚಾಚಿಕೊಂಡೇ ಇದ್ದ. “ತಮ್ಮಾ,” ಎಂದ ಮತ್ತೊಮ್ಮೆ, ಸ್ಪಷ್ಟವಾಗಿ.

“ಬೇಗ ಒತ್ತಯ್ಯಾ!” ಅಂತ ತನಿಖೆ ಅಕ್ಕ ಬಾಗಿಲಿಗೆ ಭುಜ ಕೊಟ್ಟು ಚೀರಿದಳು. “ಅವನು ಬಾಚ್ಕೊಳ್ಳೋ ಮುಂಚೆ ಹನ್ನೆರಡೂ ಒತ್ತಿ ಗಳಿಕೆನ ಬೇರೆ ಕಡೆ ಸಾಗಿಸು!”

ಮೂಲೆಯಲ್ಲಿ ವ್ಯಾಪಾರಿ ತಲೆ ಎತ್ತಿದ.

“ಅಕ್ಕಾ, ನಾನಿನ್ನೂ ಮೂರನೇ ಪದದಲ್ಲಿದ್ದೀನಿ.”